ಊರಲ್ಲೊಂದು ಉಚಿತ ಉಪನ್ಯಾಸ ಏರ್ಪಡಿಸುವುದು ಹೇಗೆ?

ಸಾಹಿತ್ಯ, ಇತಿಹಾಸ, ಶಾಸನ, ಜಾನಪದ, ಹೀಗೆ ಯಾವುದಾದರೂ ಒಂದು ವಿಷಯವನ್ನು ಆಳವಾಗಿ ಬಲ್ಲವರನ್ನು ಕರೆಸಿ, ಯಾರು ಬೇಕಾದರೂ ಬಂದು ಕೂತು ಕೇಳುವಂಥ ಉಪನ್ಯಾಸ ಏರ್ಪಡಿಸಲು ದೊಡ್ಡ ಮೊತ್ತ ಬೇಕಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಹತ್ತು ಸಾವಿರ ರೂಪಾಯಿಯೊಳಗೆ ಚೆನ್ನಾಗಿ ಮುಗಿಸಬಹುದು. ಬೇಕಿರುವುದು ಆರು ವಾರ ಮೊದಲೇ ಶುರುವಾಗುವ ತಯಾರಿ, ಮತ್ತು ಉಪನ್ಯಾಸಕರಿಗೆ ಕೊಟ್ಟ ಹೊತ್ತನ್ನು ವೇದಿಕೆಯ ಮೇಲಿನ ಉಳಿದವರು ತಿನ್ನದಂತೆ ಕಾಯುವ ಗಟ್ಟಿತನ. ಇವೆರಡರಲ್ಲಿ ಎರಡನೆಯದೇ ಕಷ್ಟದ್ದು.

ಯಾರ ಮೂಲಕ ಕರೆಸುವುದು?

ಮೈಸೂರು ವಿಶ್ವವಿದ್ಯಾನಿಲಯ ಕಳೆದ ಶತಮಾನದ ಮೂವತ್ತರ ದಶಕದಲ್ಲೇ ತನ್ನ ವಿದ್ವಾಂಸರನ್ನು ಸಣ್ಣ ಊರುಗಳಿಗೆ ಕಳಿಸಿ ಪ್ರಚಾರೋಪನ್ಯಾಸ ಮಾಡಿಸುತ್ತಿತ್ತು. ಅಲ್ಲಿ ಆಡಿದ ಮಾತುಗಳು ಮುಂದೆ ಕಿರುಹೊತ್ತಗೆಗಳಾಗಿ ಕಡಿಮೆ ಬೆಲೆಗೆ ಜನರ ಕೈಸೇರಿದವು. ಇಂದಿಗೂ ಮೈಸೂರು, ಧಾರವಾಡ, ಹಂಪಿಯ ವಿಶ್ವವಿದ್ಯಾಲಯಗಳಿಗೆ ಪ್ರಸಾರಾಂಗ, ಅಂದರೆ ಪುಸ್ತಕ ಪ್ರಕಟಣೆ ಮತ್ತು ಉಪನ್ಯಾಸ ನೋಡಿಕೊಳ್ಳುವ ವಿಭಾಗ, ಇದೆ. ನಿಮ್ಮ ಊರಿನಲ್ಲಿ ಕಾಲೇಜೋ ನೋಂದಾಯಿತ ಸಂಘವೋ ಇದ್ದರೆ ಅದರ ಲೆಟರ್‌ಹೆಡ್‌ನಲ್ಲಿ ಪ್ರಸಾರಾಂಗದ ನಿರ್ದೇಶಕರಿಗೆ ಪತ್ರ ಬರೆದು ಕೇಳಬಹುದು.

ಹೆಚ್ಚು ಹತ್ತಿರದ ದಾರಿ ದತ್ತಿ ಉಪನ್ಯಾಸ. ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ (ಸ್ಥಾಪನೆ 1915), ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ (1890) ದಾನಿಗಳು ತಂದೆ-ತಾಯಿಯ ಅಥವಾ ಗುರುಗಳ ಹೆಸರಲ್ಲಿ ಒಂದು ಮೊತ್ತ ಇಟ್ಟಿರುತ್ತಾರೆ. ಮೂಲಧನ ಬ್ಯಾಂಕಿನಲ್ಲಿ ಠೇವಣಿಯಾಗಿ ಉಳಿಯುತ್ತದೆ, ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ದಾನಿ ಸೂಚಿಸಿದ ವಿಷಯದ ಮೇಲೆ ಉಪನ್ಯಾಸ ನಡೆಯಬೇಕು. ಪರಿಷತ್ತಿಗೆ ಜಿಲ್ಲೆ, ತಾಲ್ಲೂಕು, ಹೋಬಳಿ ಮಟ್ಟದಲ್ಲೂ ಘಟಕಗಳಿವೆ. ತಾಲ್ಲೂಕು ಅಧ್ಯಕ್ಷರನ್ನು ಕಂಡು "ಈ ವರ್ಷ ನಡೆಯದೆ ಉಳಿದಿರುವ ದತ್ತಿ ಯಾವುದು, ನಮ್ಮ ಊರಿನಲ್ಲಿ ಮಾಡಬಹುದೇ?" ಎಂದು ಕೇಳಿ. ಜಾಗ, ಕೇಳುಗರು, ಚಹಾ ನಿಮ್ಮದು ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಆದರೆ ದತ್ತಿಯ ಲೆಕ್ಕ ಮೊದಲೇ ತಿಳಿದಿರಲಿ. 25,000 ರೂಪಾಯಿ ಮೂಲಧನಕ್ಕೆ ಶೇ 6.5ರ ಬಡ್ಡಿಯಲ್ಲಿ ವರ್ಷಕ್ಕೆ ಬರುವುದು 1,625 ರೂಪಾಯಿ. ಶೇ 12 ಬಡ್ಡಿ ಇದ್ದ ಕಾಲದಲ್ಲಿ ಅದೇ ಹಣಕ್ಕೆ 3,000 ಬರುತ್ತಿತ್ತು. ಬಡ್ಡಿ ಇಳಿಯಿತು, ಬಸ್ ಚಾರ್ಜು ಏರಿತು. ಹೀಗಾಗಿಯೇ ಮೂರು ದತ್ತಿಗಳನ್ನು ಒಂದೇ ದಿನ ಸೇರಿಸಿ ಮುಗಿಸುವ ರೂಢಿ ಬಂದಿದೆ. ಆಗ ಮೂವರು ಉಪನ್ಯಾಸಕರು, ಮೂರು ದಾನಿಗಳ ಪರಿಚಯ, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಯಾರ ಮಾತೂ ಮನಸ್ಸಿಗೆ ಇಳಿಯುವುದಿಲ್ಲ. ದತ್ತಿಗಳನ್ನು ಸೇರಿಸಲೇಬೇಕಾದರೆ ಹಣ ಮಾತ್ರ ಸೇರಲಿ, ಉಪನ್ಯಾಸ ಒಂದೇ ಇರಲಿ. ಮೂರೂ ದತ್ತಿಗಳ ಆಶಯಕ್ಕೆ ಹೊಂದುವ ಒಂದು ವಿಷಯ ಹುಡುಕಿ ದಾನಿಗಳ ಮನೆಯವರಿಗೆ ಮೊದಲೇ ಹೇಳಿದರೆ ಬೇಡ ಎನ್ನುವವರು ಕಡಿಮೆ.

ನಿಮ್ಮದೇ ಪಟ್ಟಿ

ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಒಂದು ಮಾನವಿಕ (ಸಾಹಿತ್ಯ, ಇತಿಹಾಸದಂಥ ವಿಷಯಗಳ) ಮಂಡಳಿ ಇದೆ. 1965ರಲ್ಲಿ ಹುಟ್ಟಿದ ರಾಷ್ಟ್ರೀಯ ಮಾನವಿಕ ದತ್ತಿ ಸಂಸ್ಥೆಯ ಅನುದಾನ ಇವಕ್ಕೆ ಮುಖ್ಯ ಆಧಾರವಾಗಿ ಬಂದಿದೆ. ಇಂಥ ಹಲವು ಮಂಡಳಿಗಳು ಉಪನ್ಯಾಸಕರ ಪಟ್ಟಿಯೊಂದನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತವೆ. ಊರಿನ ಗ್ರಂಥಾಲಯವೋ ಸಂಘವೋ ಅದರಿಂದ ಆರಿಸಿ ಅರ್ಜಿ ಹಾಕಿದರೆ ಗೌರವಧನವನ್ನು ಪೂರ್ತಿಯಾಗಿಯೋ ಬಹುಪಾಲೋ ಮಂಡಳಿಯೇ ಕೊಡುತ್ತದೆ. ಪ್ರವೇಶ ಉಚಿತವಾಗಿರಬೇಕು, ಬಾಗಿಲು ಎಲ್ಲರಿಗೂ ತೆರೆದಿರಬೇಕು, ಮುಗಿದ ಮೇಲೆ ವರದಿ ಕೊಡಬೇಕು ಎಂಬುದು ಸಾಮಾನ್ಯ ಷರತ್ತು. ಅಲ್ಲಿನ ಕನ್ನಡ ಕೂಟಗಳೂ ಲಾಭರಹಿತ ಸಂಸ್ಥೆಗಳಾಗಿದ್ದರೆ ವಿಚಾರಿಸಬಹುದು. ಆದರೆ 2025ರ ಏಪ್ರಿಲ್‌ನಲ್ಲಿ ಒಕ್ಕೂಟ ಸರ್ಕಾರದ ಅನುದಾನಗಳು ರದ್ದಾದ್ದರಿಂದ, ತಮ್ಮ ರಾಜ್ಯದಲ್ಲಿ ಯೋಜನೆ ಈಗ ನಡೆಯುತ್ತಿದೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಈ ಪಟ್ಟಿಯ ಕ್ರಮ ನಮ್ಮ ತಾಲ್ಲೂಕುಗಳಲ್ಲೂ ನಡೆಯುವಂಥದ್ದು. ಒಂದು ನೋಟ್‌ಬುಕ್ ಸಾಕು. ನಿವೃತ್ತ ಅಧ್ಯಾಪಕರು, ಪದವಿ ಕಾಲೇಜಿನ ಇತಿಹಾಸ ಮೇಷ್ಟ್ರು, ಶಾಸನ ಓದಬಲ್ಲವರು, ತಾಳಮದ್ದಲೆಯ ಅರ್ಥಧಾರಿಗಳು, ಸೋಬಾನೆ ಪದಗಳನ್ನು ಬಾಯಿಪಾಠ ಬಲ್ಲ ಹಿರಿಯ ಹೆಣ್ಣುಮಕ್ಕಳು, ಹೀಗೆ ಇಪ್ಪತ್ತು ಜನರ ಹೆಸರು ಬರೆದುಕೊಳ್ಳಿ. ಪ್ರತಿ ಹೆಸರಿನ ಮುಂದೆ ಅವರು ಮಾತಾಡಬಲ್ಲ ಎರಡು ನಿಖರ ವಿಷಯ, ಎಷ್ಟು ದೂರ ಬರಬಲ್ಲರು, ಪ್ರೊಜೆಕ್ಟರ್ ಬೇಕೇ, ಹಿಂದೆ ಅವರ ಮಾತು ಕೇಳಿದ ಇಬ್ಬರು ಏನು ಹೇಳಿದರು ಎಂಬುದಿರಲಿ. ಬರೆದದ್ದು ಓದಲು ಚೆನ್ನಾಗಿದೆ ಎಂದ ಮಾತ್ರಕ್ಕೆ ಅವರು ಚೆನ್ನಾಗಿ ಮಾತಾಡುತ್ತಾರೆ ಎಂದುಕೊಳ್ಳಬೇಡಿ. ಪಕ್ಕದ ತಾಲ್ಲೂಕಿನವರ ಜೊತೆ ಪಟ್ಟಿ ಹಂಚಿಕೊಂಡರೆ ಇನ್ನೊಂದು ಲಾಭ: ದೂರದಿಂದ ಬಂದವರು ಬೆಳಿಗ್ಗೆ ತಿಪಟೂರಿನಲ್ಲಿ, ಸಂಜೆ ಅರಸೀಕೆರೆಯಲ್ಲಿ ಮಾತಾಡಿದರೆ ಪ್ರಯಾಣದ ಖರ್ಚು ಅರ್ಧಕ್ಕೆ ಇಳಿಯುತ್ತದೆ.

ವಿಷಯ ಸಣ್ಣದಾಗಲಿ

"ವಚನ ಸಾಹಿತ್ಯದ ಪ್ರಸ್ತುತತೆ", "ಕನ್ನಡ ಸಂಸ್ಕೃತಿಯ ಹಿರಿಮೆ" ಎಂದು ವಿಷಯ ಕೊಟ್ಟರೆ ಉಪನ್ಯಾಸಕರು ತಮ್ಮ ಹಳೆಯ ಭಾಷಣವನ್ನೇ ಮತ್ತೊಮ್ಮೆ ಹೇಳಿ ಹೋಗುತ್ತಾರೆ. ತಪ್ಪು ಅವರದಲ್ಲ, ವಿಷಯ ಕೊಟ್ಟವರದು. ಒಂದೇ ವಾಕ್ಯದ ಪ್ರಶ್ನೆಯಾಗುವಂತೆ ವಿಷಯವನ್ನು ಕಿರಿದು ಮಾಡಿ.

ಉದಾಹರಣೆಗೆ, "ನಮ್ಮೂರ ಕೆರೆ ಏರಿಯ ವೀರಗಲ್ಲನ್ನು ಓದುವುದು ಹೇಗೆ?" ಈ ವಿಷಯ ಹಳ್ಳಿಯವರಿಗೂ ಗೊತ್ತು, ವಿದ್ವಾಂಸರಿಗೂ ಸವಾಲು. ಸಾಮಾನ್ಯವಾಗಿ ವೀರಗಲ್ಲಿಗೆ ಮೂರು ಪಟ್ಟಿಕೆ, ಅಂದರೆ ಒಂದರ ಮೇಲೊಂದು ಕೆತ್ತಿದ ಚಿತ್ರದ ಸಾಲು. ಕೆಳಗಿನದರಲ್ಲಿ ಹೋರಾಟ. ಅದರಲ್ಲಿ ದನಗಳಿದ್ದರೆ ತುರುಗಾಳಗದ (ದನಗಳಿಗಾಗಿ ನಡೆದ ಕಾಳಗದ) ಕಲ್ಲು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕುಳಿತಿರುತ್ತಾನೆ. ಎರಡು ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರ ಇದ್ದರೆ ಹೆಸರು, ಊರು, ಆಳುತ್ತಿದ್ದ ಅರಸ ಸಿಗಬಹುದು. ಇಷ್ಟು ತಿಳಿದ ಮೇಲೆ ಕೇಳುಗರು ಮಾರನೆಯ ದಿನವೇ ಆ ಕಲ್ಲಿನ ಮುಂದೆ ನಿಂತು ನೋಡುತ್ತಾರೆ.

ಹಳೆ ಮೈಸೂರು ಭಾಗದವರಿಗೆ ವಿಷಯ ಹುಡುಕಲು ಒಳ್ಳೆಯ ಆಕರ ಎಪಿಗ್ರಾಫಿಯಾ ಕರ್ನಾಟಿಕ. ಬಿ.ಎಲ್. ರೈಸ್ 1886ರಿಂದ ಹೊರತಂದ ಈ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಲಾಗಿದೆ. ನಿಮ್ಮ ತಾಲ್ಲೂಕಿನ ಪುಟ ತೆರೆದು ನಿಮ್ಮ ಹೋಬಳಿಯ ಒಂದು ಶಾಸನ ಆರಿಸಿ, ಅದರ ಮೇಲೇ ಮಾತಾಡಲು ಕೇಳಿ. ಎಲ್ಲ ತಾಲ್ಲೂಕಿಗೂ ಬೇಲೂರಿನವರ ಹಾಗೆ ಹಲ್ಮಿಡಿ ಶಾಸನ ಸಿಗುವುದಿಲ್ಲ. ಆದರೆ ದಾನಶಾಸನವೋ ಕೆರೆ ಕಟ್ಟಿಸಿದ ಶಾಸನವೋ ಬಹುತೇಕ ಕಡೆ ಸಿಗುತ್ತದೆ.

ದಿನ, ಹೊತ್ತು, ಜಾಗ

ಮೊದಲು ನೋಡಬೇಕಾದದ್ದು ಸುತ್ತಲಿನ ಹಳ್ಳಿಗಳಿಗೆ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂಬುದನ್ನು. ಅದು 7.30ಕ್ಕಿದ್ದರೆ ಕಾರ್ಯಕ್ರಮ 7ಕ್ಕೆ ಮುಗಿಯಲೇಬೇಕು. ಅಂದರೆ 5.30ಕ್ಕೆ ಶುರು. ಸಂತೆಯ ದಿನ, ಊರ ಜಾತ್ರೆ, ಸುಗ್ಗಿಯ ವಾರಗಳು, ಪರೀಕ್ಷೆಯ ಮಾರ್ಚ್ ಬೇಡ. ಶನಿವಾರ ಸಂಜೆ ಸಾಮಾನ್ಯವಾಗಿ ಒಗ್ಗುತ್ತದೆ. ತರಗತಿ ನಿಲ್ಲಿಸಿ, ಹಾಜರಿ ಕೊಡುತ್ತೇವೆಂದು ಮುನ್ನೂರು ವಿದ್ಯಾರ್ಥಿಗಳನ್ನು ತಂದು ಕೂರಿಸುವುದನ್ನು ಬಿಟ್ಟುಬಿಡಿ. ಸಭೆ ತುಂಬಿದಂತೆ ಕಾಣುತ್ತದೆ, ಕೇಳುವವರು ಮುಂದಿನ ಎರಡು ಸಾಲು ಮಾತ್ರ. ತಾವಾಗಿ ಬಂದ ಅರವತ್ತು ಜನ ಸಾಕು, ನಲವತ್ತಾದರೂ ಒಳ್ಳೆಯ ಸಭೆಯೇ.

ಕಾಲೇಜಿನ ಕೊಠಡಿ, ಶಾಖಾ ಗ್ರಂಥಾಲಯ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಸಮುದಾಯ ಭವನ, ಇವುಗಳಲ್ಲಿ ಚಿಕ್ಕದನ್ನೇ ಆರಿಸಿ. ಐನೂರು ಜನ ಹಿಡಿಸುವ ಕಲ್ಯಾಣ ಮಂಟಪದಲ್ಲಿ ಅರವತ್ತು ಜನ ಚದುರಿ ಕೂತರೆ ಮಾತಾಡುವವರ ಹುಮ್ಮಸ್ಸು ಕುಗ್ಗುತ್ತದೆ. ಅರವತ್ತು ಜನ ಬರುವ ನಿರೀಕ್ಷೆ ಇದ್ದರೆ ನಲವತ್ತೈದು ಕುರ್ಚಿ ಹಾಕಿ, ಉಳಿದವನ್ನು ಹಿಂದೆ ಪೇರಿಸಿಡಿ. ಬಂದ ಹಾಗೆ ಹಾಕಿದರಾಯಿತು. ಬಯಲಿನಲ್ಲಿ ಮಾಡುವುದಾದರೆ ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಅನುಮತಿ ಬೇಕು. ಸಂಸ್ಥೆ ಎಲ್ಲರನ್ನೂ ಒಳಗೆ ಬಿಡುತ್ತದೆಯೇ, ಹಿರಿಯರು ಮೆಟ್ಟಿಲು ಹತ್ತಬೇಕೇ, ಹೆಣ್ಣುಮಕ್ಕಳಿಗೆ ಶೌಚಾಲಯದ ಬೀಗ ತೆಗೆದಿರುತ್ತದೆಯೇ ಎಂಬುದನ್ನು ಹಿಂದಿನ ದಿನವೇ ಹೋಗಿ ನೋಡಿ.

ಉಪನ್ಯಾಸಕರಿಗೆ ಪತ್ರ

ಫೋನಿನಲ್ಲಿ ಒಪ್ಪಿಸಿದರೂ ಪತ್ರ ಬರೆಯಲೇಬೇಕು. ವಿಷಯ, 45 ನಿಮಿಷ ಎಂಬ ಮಿತಿ, ಕೇಳುಗರು ಯಾರು, ಗೌರವಧನ ಎಷ್ಟು, ಪ್ರಯಾಣ ಹೇಗೆ, ನಿಲ್ದಾಣಕ್ಕೆ ಬರುವವರ ಹೆಸರು ಮತ್ತು ಫೋನ್, ಊಟ ಎಲ್ಲಿ, ಇಷ್ಟೂ ಅದರಲ್ಲಿರಲಿ. ಗೌರವಧನದ ಮೊತ್ತ ಹೇಳಲು ಸಂಕೋಚಪಡಬೇಡಿ. ಹೇಳದೆ ಬಿಟ್ಟಾಗಲೇ ಬೇಸರ ಹುಟ್ಟುವುದು. ವಯಸ್ಸಾದವರಾದರೆ ಸಕ್ಕರೆ ಕಾಯಿಲೆಯ ಊಟದ ಹೊತ್ತು ಕೇಳಿಕೊಳ್ಳಿ. ವಾರಕ್ಕೆ ಮುಂಚೆ ಒಂದು ಕರೆ, ಎರಡು ದಿನ ಮುಂಚೆ ಇನ್ನೊಂದು. ಕೊನೆ ಗಳಿಗೆಯಲ್ಲಿ ಬರಲಾಗದಿದ್ದರೆ ಯಾರು ಎಂದು ಸ್ಥಳೀಯರೊಬ್ಬರನ್ನು ಕೇಳಿ ಒಪ್ಪಿಸಿಟ್ಟಿರಿ.

ಖರ್ಚಿನ ಅಂದಾಜು ಹೀಗಿರುತ್ತದೆ: ಗೌರವಧನ 3,000, ಪ್ರಯಾಣ 1,500, ಧ್ವನಿವರ್ಧಕ 1,500, 80 ಜನರಿಗೆ ತಲಾ 25ರಂತೆ ಚಹಾ-ತಿಂಡಿ 2,000, ಬ್ಯಾನರ್ ಮತ್ತು ಆಮಂತ್ರಣ 800, ಕಾಣಿಕೆ ಪುಸ್ತಕ 300, ಇತರೆ 400. ಒಟ್ಟು 9,500 ರೂಪಾಯಿ. ಬ್ಯಾನರ್ ಬಟ್ಟೆಯದಾಗಿರಲಿ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ. ಅದರ ಮೇಲೆ ಸಂಘದ ಹೆಸರು ಮತ್ತು "ಉಪನ್ಯಾಸ ಮಾಲೆ" ಎಂದಷ್ಟೇ ಬರೆಸಿ, ತಾರೀಕು ಬೇಡ. ವರ್ಷಗಟ್ಟಲೆ ಬಳಕೆಗೆ ಬರುತ್ತದೆ.

ವೇದಿಕೆಯ ಲೆಕ್ಕ

ಹೆಚ್ಚಿನ ಕಾರ್ಯಕ್ರಮಗಳು ಕೆಡುವುದು ಇಲ್ಲಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಮೂವರು ಮುಖ್ಯ ಅತಿಥಿಗಳ ನಾಲ್ಕು ಮಾತು, ಸನ್ಮಾನ, ಇವೆಲ್ಲ ಮುಗಿದು ಉಪನ್ಯಾಸಕರ ಸರದಿ ಬರುವಾಗ ಒಂದೂವರೆ ಗಂಟೆ ಕಳೆದಿರುತ್ತದೆ. ನಿರೂಪಕರು "ಸಮಯದ ಅಭಾವದಿಂದ ಚುಟುಕಾಗಿ" ಎಂದು ಚೀಟಿ ಕಳಿಸುತ್ತಾರೆ. ಇನ್ನೂರು ಕಿಲೋಮೀಟರ್ ದೂರದಿಂದ ಬಂದ ವಿದ್ವಾಂಸರು ಹದಿನೈದು ನಿಮಿಷದಲ್ಲಿ ಮಾತು ಮುಗಿಸಿ ಕೂರುತ್ತಾರೆ. ಅವರಿಗೂ ಕೇಳಲು ಬಂದವರಿಗೂ ಇದಕ್ಕಿಂತ ದೊಡ್ಡ ಅಗೌರವವಿಲ್ಲ.

ವೇದಿಕೆಯ ಮೇಲೆ ಮೂರೇ ಕುರ್ಚಿ ಹಾಕಿ: ಉಪನ್ಯಾಸಕರು, ಅಧ್ಯಕ್ಷರು, ನಿರೂಪಕರು. ದಾನಿಗಳ ಮನೆಯವರಿಗೆ ಮೊದಲ ಸಾಲಿನಲ್ಲಿ ಜಾಗ ಕೊಟ್ಟು, ಅಲ್ಲಿಂದಲೇ ಎದ್ದು ನಿಲ್ಲಿಸಿ ಗೌರವಿಸಿ. ನಾಡಗೀತೆ ಎರಡೂವರೆ ನಿಮಿಷ, ಸ್ವಾಗತ ಮತ್ತು ಪ್ರಾಸ್ತಾವಿಕ ಸೇರಿ ಐದು, ಉಪನ್ಯಾಸಕರ ಪರಿಚಯ ಎರಡು, ಉಪನ್ಯಾಸ ನಲವತ್ತೈದು, ಪ್ರಶ್ನೋತ್ತರ ಇಪ್ಪತ್ತೈದು, ಅಧ್ಯಕ್ಷರ ಮಾತು ಏಳು, ವಂದನೆ ಮೂರು. ತೊಂಬತ್ತು ನಿಮಿಷದೊಳಗೆ ಮುಗಿಯಿತು. ಈ ವೇಳಾಪಟ್ಟಿಯನ್ನು ಆಮಂತ್ರಣದಲ್ಲೇ ಅಚ್ಚು ಹಾಕಿಸಿದರೆ ಹೆಚ್ಚು ಹೊತ್ತು ಕೇಳುವವರಿಗೆ ಅದನ್ನೇ ತೋರಿಸಬಹುದು. ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಒಂದು ಪುಸ್ತಕ ಸಾಕು. ಸರ್ಕಾರಿ ಸಮಾರಂಭಗಳಿಗೇ 2021ರಲ್ಲಿ ಇಂಥ ಸುತ್ತೋಲೆ ಬಂದಿರುವುದರಿಂದ ಯಾರೂ ತಪ್ಪು ತಿಳಿಯುವುದಿಲ್ಲ.

ಮೈಕು ಮತ್ತು ಪರದೆ

ಧ್ವನಿಪೆಟ್ಟಿಗೆಗಳು ಮೈಕಿಗಿಂತ ಮುಂದೆ, ಸಭೆಯ ಕಡೆಗೆ ಮುಖ ಮಾಡಿ ಇರಬೇಕು. ಹಿಂದೆ ಇಟ್ಟರೆ ಪೆಟ್ಟಿಗೆಯ ಸದ್ದೇ ಮತ್ತೆ ಮೈಕಿಗೆ ಹೊಕ್ಕು ಕೀರಲು ಶಬ್ದ ಬರುತ್ತದೆ. ಮೈಕು ಬಾಯಿಂದ ಒಂದು ಗೇಣಿನೊಳಗಿರಲಿ. ವಿದ್ಯುತ್ ಹೋದರೆ ಆಂಪ್ಲಿಫೈಯರ್ ಬ್ಯಾಟರಿಯಲ್ಲಿ ನಡೆಯುತ್ತದೆಯೇ ಎಂದು ಮೈಕಿನವರನ್ನು ಮೊದಲೇ ಕೇಳಿ.

ಚಿತ್ರ ತೋರಿಸುವುದಿದ್ದರೆ ಒಂದು ತೊಂದರೆ ಪದೇ ಪದೇ ಬರುತ್ತದೆ. ಉಪನ್ಯಾಸಕರು ಮನೆಯಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಸ್ಲೈಡ್ ಮಾಡಿರುತ್ತಾರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಫೈಲನ್ನು ಪಿಡಿಎಫ್ ಮಾಡಿ ಎರಡು ದಿನ ಮುಂಚೆ ಕಳಿಸಲು ಹೇಳಿ, ಅದೇ ಪ್ರೊಜೆಕ್ಟರಿಗೆ ಹಾಕಿ ನೋಡಿ. ಎಚ್‌ಡಿಎಂಐ, ವಿಜಿಎ ಎರಡೂ ಕೇಬಲ್ ಜೊತೆಗಿರಲಿ. ಸಂಜೆ 5.30ಕ್ಕೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಪರದೆಗೆ ಹೊಡೆಯುತ್ತದೆ, ಅದನ್ನು ಮುಚ್ಚಲು ಜಮಖಾನೆ ತಂದಿಡಿ.

ಪ್ರಶ್ನೋತ್ತರ

ಇಪ್ಪತ್ತೈದು ನಿಮಿಷವನ್ನು ಯಾವ ಕಾರಣಕ್ಕೂ ಕಡಿತ ಮಾಡಬೇಡಿ. ಮೈಕನ್ನು ಕಾರ್ಯಕರ್ತರೊಬ್ಬರು ಹಿಡಿದು ತಿರುಗಲಿ, ಕೇಳುವವರ ಕೈಗೆ ಕೊಡುವುದು ಬೇಡ. ಕೊಟ್ಟರೆ ಪ್ರಶ್ನೆ ಹೋಗಿ ಇನ್ನೊಂದು ಭಾಷಣ ಶುರುವಾಗುತ್ತದೆ. ಬಾಗಿಲಲ್ಲೇ ಸಣ್ಣ ಚೀಟಿ ಮತ್ತು ಪೆನ್ನು ಹಂಚಿ. ಎದ್ದು ನಿಂತು ಕೇಳಲು ಹಿಂಜರಿಯುವವರು ಚೀಟಿಯಲ್ಲಿ ಬರೆಯುತ್ತಾರೆ, ಅಲ್ಲೇ ಒಳ್ಳೆಯ ಪ್ರಶ್ನೆಗಳಿರುತ್ತವೆ. ಜಾತಿ, ಮತದ ವಿಷಯ ಬಂದು ದನಿ ಏರಿದರೆ ಅಧ್ಯಕ್ಷರು ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ಶಾಂತವಾಗಿ ಪುನಃ ಹೇಳಿ ಉಪನ್ಯಾಸಕರಿಗೆ ದಾಟಿಸಬೇಕು. ಇದನ್ನು ಮಾಡಬಲ್ಲವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿ.

ಮುಗಿದ ಮೇಲೆ

ಗೌರವಧನದ ಲಕೋಟೆಯನ್ನು ಉಪನ್ಯಾಸಕರು ಊರು ಬಿಡುವ ಮೊದಲೇ ಕೊಟ್ಟು ರಸೀದಿಗೆ ಸಹಿ ಪಡೆಯಿರಿ. "ಖಾತೆಗೆ ಹಾಕುತ್ತೇವೆ" ಎಂದು ಹೇಳಿ ತಿಂಗಳುಗಟ್ಟಲೆ ಕಾಯಿಸಿದರೆ ಅವರು ಮತ್ತೆ ಬರುವುದಿಲ್ಲ. ಮಾತನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವುದಿದ್ದರೆ ಅವರ ಒಪ್ಪಿಗೆ ಬರಹದಲ್ಲಿರಲಿ. ಪತ್ರಿಕೆಗೆ 150 ಪದದ ಸುದ್ದಿಯನ್ನು ಅದೇ ರಾತ್ರಿ ಕಳಿಸಿ. ಅದರಲ್ಲಿ ವೇದಿಕೆಯಲ್ಲಿದ್ದವರ ಹೆಸರುಗಳಿಗಿಂತ ಉಪನ್ಯಾಸದ ಎರಡು ಮುಖ್ಯ ಮಾತುಗಳಿಗೆ ಜಾಗ ಹೆಚ್ಚಿರಲಿ.

ವಾರದೊಳಗೆ ಪರಿಷತ್ತಿಗೋ ಸಂಘಕ್ಕೋ ಒಂದು ಪುಟದ ವರದಿ ಹೋಗಬೇಕು: ಎಷ್ಟು ಜನ ಬಂದಿದ್ದರು, ಯಾವ ಪ್ರಶ್ನೆಗಳು ಬಂದವು, ಖರ್ಚಿನ ಲೆಕ್ಕ, ರಸೀದಿಗಳು, ಎರಡು ಫೋಟೊ. ಇದರದೇ ಪ್ರತಿಯನ್ನು ದತ್ತಿ ಇಟ್ಟವರ ಮನೆಗೂ ಕಳಿಸಿ. ತಂದೆಯ ಹೆಸರಿನ ಉಪನ್ಯಾಸ ಎಲ್ಲಿ, ಹೇಗೆ ನಡೆಯಿತು ಎಂಬುದು ಎಷ್ಟೋ ಮಕ್ಕಳಿಗೆ ತಿಳಿಯುವುದೇ ಇಲ್ಲ. ಬಡ್ಡಿ ಸಾಲದೆ ಸೊರಗಿದ ದತ್ತಿಯ ಮೂಲಧನ ಹೆಚ್ಚಿಸುವಿರಾ ಎಂದು ಅವರನ್ನು ಕೇಳಲು ಈ ವರದಿ ತಲುಪಿದ ವಾರವೇ ಸರಿಯಾದ ಹೊತ್ತು.