ಶಿಫಾರಸು ಪತ್ರ ಕೇಳುವ ಮುನ್ನ ಮೇಷ್ಟ್ರ ನೆನಪು ಕೆದಕಿ

‘ಸರ್, ಒಂದು ರೆಕಮೆಂಡೇಶನ್ ಲೆಟರ್ ಬೇಕಿತ್ತು. ನಾಳೆಯೇ ಕೊನೆಯ ದಿನ.’

ಇಂಥ ಮೆಸೇಜ್ ನೋಡಿ ಎಷ್ಟೋ ಸಲ ನನಗೆ ಬೇಸರವಾಗಿದೆ. ಕೋಪದಿಂದಲ್ಲ, ಕೇಳಿದ ಮಗು ನಿಜಕ್ಕೂ ಜಾಣ ಇರುತ್ತದೆ ಅನ್ನುವ ಕಾರಣಕ್ಕೆ. ಒಂದೇ ದಿನದಲ್ಲಿ ಬರೆದ ಪತ್ರದಲ್ಲಿ ಏನಿರಲು ಸಾಧ್ಯ? ‘ಶಿಸ್ತಿನ ವಿದ್ಯಾರ್ಥಿ, ಚೆನ್ನಾಗಿ ಓದುತ್ತಾರೆ, ಶುಭವಾಗಲಿ.’ ಉನ್ನತ ವ್ಯಾಸಂಗದ ಅರ್ಜಿಗಳನ್ನು ನೋಡುವ ಪ್ರವೇಶ ಸಮಿತಿಯವರು ಇಂಥ ಪತ್ರಗಳನ್ನು ರಾಶಿಗಟ್ಟಲೆ ಓದಿರುತ್ತಾರೆ. ಅಂಕಪಟ್ಟಿ ಹೇಳದೇ ಇರುವುದನ್ನು ಪತ್ರ ಹೇಳಬೇಕು. ಅದಕ್ಕೆ ಬರೆಯುವವರ ಹತ್ತಿರ ನಿಮ್ಮ ಬಗ್ಗೆ ನೆನಪುಗಳಿರಬೇಕು. ಆ ನೆನಪುಗಳನ್ನು ಒದಗಿಸುವ ಕೆಲಸ ನಿಮ್ಮದು.

ಯಾರನ್ನು ಕೇಳುವುದು?

ದೊಡ್ಡ ಹುದ್ದೆಯವರನ್ನಲ್ಲ, ನಿಮ್ಮನ್ನು ಬಲ್ಲವರನ್ನು. ವಿಭಾಗದ ಮುಖ್ಯಸ್ಥರು ನಿಮ್ಮ ಮುಖವನ್ನೇ ಸರಿಯಾಗಿ ನೋಡಿಲ್ಲವಾದರೆ ಅವರ ಸಹಿಯಿಂದ ಹೆಚ್ಚೇನೂ ಲಾಭವಿಲ್ಲ. ಪ್ರಾಜೆಕ್ಟ್‌ನಲ್ಲಿ ಆರು ತಿಂಗಳು ಜೊತೆಗಿದ್ದ ಕಿರಿಯ ಅಧ್ಯಾಪಕರ ಪತ್ರವೇ ಗಟ್ಟಿ. ಆನ್‌ಲೈನ್ ಫಾರಂಗಳು ಪತ್ರ ಬರೆಯುವವರನ್ನು ಕೇಳುವುದೂ ಅದನ್ನೇ. ಎಷ್ಟು ವರ್ಷದಿಂದ ಪರಿಚಯ? ಯಾವ ರೀತಿಯ ಪರಿಚಯ? ನೀವು ಪಾಠ ಮಾಡಿದವರಲ್ಲಿ ಇವರು ಮೊದಲ ಶೇ 5ರೊಳಗೆ ಬರುತ್ತಾರೋ, ಶೇ 10ರೊಳಗೋ?

ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ 2 ಅಥವಾ 3 ಪತ್ರ ಕೇಳುತ್ತಾರೆ. ಮೂವರೂ ಒಂದೇ ಮಾತು ಹೇಳಿದರೆ ಪ್ರಯೋಜನ ಕಡಿಮೆ. ಒಬ್ಬರು ತರಗತಿಯಲ್ಲಿ, ಇನ್ನೊಬ್ಬರು ಲ್ಯಾಬ್‌ನಲ್ಲಿ, ಮತ್ತೊಬ್ಬರು ಪ್ರಾಜೆಕ್ಟ್‌ನಲ್ಲಿ ನಿಮ್ಮನ್ನು ಕಂಡವರಾಗಿದ್ದರೆ ಒಳ್ಳೆಯದು.

ಯಾವಾಗ, ಹೇಗೆ?

ಕೊನೆಯ ದಿನಕ್ಕಿಂತ 6 ವಾರ ಮೊದಲು. ತೀರಾ ತಡವಾದರೆ 4 ವಾರ. ಅಮೆರಿಕದ ಅನೇಕ ಪಿಎಚ್‌ಡಿ ಅರ್ಜಿಗಳು ಡಿಸೆಂಬರ್‌ನಲ್ಲಿ ಮುಗಿಯುತ್ತವೆ. ಅಂದರೆ ಅಕ್ಟೋಬರ್‌ನಲ್ಲೇ ಮಾತಾಡಿರಬೇಕು.

ಆದಷ್ಟೂ ಎದುರಿಗೆ ಹೋಗಿ ಕೇಳಿ. ಆಗದಿದ್ದರೆ ಚಿಕ್ಕದೊಂದು ಇಮೇಲ್ ಸಾಕು: ‘ಮೇಡಂ, ನಾನು ಇಂಥ ಕೋರ್ಸ್‌ಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಕೆಲಸ ನೋಡಿದ ನಿಮಗೆ, ನನ್ನ ಪರವಾಗಿ ಗಟ್ಟಿಯಾದ ಪತ್ರ ಬರೆಯಬಹುದು ಅನ್ನಿಸುತ್ತದೆಯೇ? ಕಷ್ಟವಾದರೆ ದಯವಿಟ್ಟು ಸಂಕೋಚವಿಲ್ಲದೆ ಹೇಳಿ.’ ಈ ಕೊನೆಯ ವಾಕ್ಯ ಬಿಡಬೇಡಿ. ಅರೆಮನಸ್ಸಿನ ಪತ್ರಕ್ಕಿಂತ ‘ಆಗಲ್ಲ’ ಅನ್ನುವ ಉತ್ತರವೇ ನಿಮಗೆ ಅನುಕೂಲ. ಅವರು ಹಿಂದೆ ಮುಂದೆ ನೋಡಿದರೆ ಧನ್ಯವಾದ ಹೇಳಿ ಬೇರೆಯವರ ಬಳಿ ಹೋಗಿ.

ಒಪ್ಪಿಗೆ ಸಿಗುವ ಮೊದಲೇ ಅವರ ಹೆಸರು, ಇಮೇಲ್ ಅನ್ನು ಪೋರ್ಟಲ್‌ಗೆ ಹಾಕಬೇಡಿ. ಬಹುತೇಕ ಪೋರ್ಟಲ್‌ಗಳು ಪತ್ರ ಅಪ್‌ಲೋಡ್ ಮಾಡುವ ಲಿಂಕ್ ಅನ್ನು ತಾವೇ ಅವರಿಗೆ ಕಳಿಸಿಬಿಡುತ್ತವೆ. ಕೇಳದೆ ಬಂದ ಲಿಂಕ್ ಯಾರಿಗೆ ಇಷ್ಟವಾಗುತ್ತದೆ, ಅಲ್ವಾ? ಕಾಲೇಜಿನ ಅಧಿಕೃತ ಇಮೇಲ್ ಯಾವುದೆಂದೂ ಕೇಳಿಕೊಳ್ಳಿ. ಕೆಲವು ಕಡೆ ಖಾಸಗಿ ಇಮೇಲ್ ನಡೆಯುವುದಿಲ್ಲ.

ಒಪ್ಪಿದ ಮೇಲೆ ಏನೇನು ಕೊಡಬೇಕು?

ಬಯೋಡೇಟಾ, ಅಂಕಪಟ್ಟಿ, ಎಸ್‌ಒಪಿಯ (ಈ ಕೋರ್ಸ್ ಯಾಕೆ ಬೇಕೆಂದು ನೀವೇ ಬರೆಯುವ ಉದ್ದೇಶ ಪತ್ರ) ಕರಡು. ಅರ್ಜಿ ಹಾಕುವ ಜಾಗಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ, ಮೊದಲು ಬರುವ ತಾರೀಖು ಮೇಲಿರುವಂತೆ ಬರೆಯಿರಿ. ಇಷ್ಟನ್ನು ಎಲ್ಲರೂ ಕೊಡುತ್ತಾರೆ. ಹೆಚ್ಚಿನವರು ಕೊಡದೇ ಇರುವುದು ಅರ್ಧ ಪುಟದ ಒಂದು ಟಿಪ್ಪಣಿ. ಯಾವ ವರ್ಷ, ಯಾವ ಪೇಪರ್ ಓದಿದಿರಿ, ಎಷ್ಟು ಅಂಕ ಬಂತು, ಏನು ಮಾಡಿದಿರಿ, ಎಲ್ಲಿ ಎಡವಿದಿರಿ, ಹೇಗೆ ಸರಿಮಾಡಿಕೊಂಡಿರಿ ಅನ್ನುವುದು ಅದರಲ್ಲಿರಬೇಕು.

ಒಬ್ಬ ಹುಡುಗಿ ನನಗೆ ತನ್ನ ಹಳೆಯ ಅಸೈನ್‌ಮೆಂಟಿನ ಫೋಟೊ ಕಳಿಸಿದ್ದಳು. ‘ಈ ಲೆಕ್ಕದ ಊಹೆಯೇ ತಪ್ಪು’ ಎಂದು ಅದರ ಮೇಲೆ ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಆಕೆ ವಾರ ಬಿಟ್ಟು ಇಡೀ ಲೆಕ್ಕವನ್ನು ಹೊಸದಾಗಿ ಮಾಡಿ ತಂದಿದ್ದಳು. ಅಂಕ ಸಿಗುವುದಿಲ್ಲ ಎಂದು ಗೊತ್ತಿದ್ದೂ! ಫೋಟೊ ನೋಡಿದ ಕೂಡಲೇ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಪತ್ರದ ಮೊದಲ ಪ್ಯಾರಾ ಅಲ್ಲೇ ಸಿಕ್ಕಿತು.

ಕೆಲವರು ‘ನೀನೇ ಬರೆದುಕೊಂಡು ಬಾ, ಸಹಿ ಹಾಕ್ತೀನಿ’ ಅನ್ನುತ್ತಾರೆ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ನಿಮ್ಮನ್ನು ನೀವೇ ಹೊಗಳಿ ಬರೆದದ್ದು ಓದುವವರಿಗೆ ಗೊತ್ತಾಗುತ್ತದೆ. ಮೂರು ಪತ್ರಗಳ ಧಾಟಿಯೂ ಒಂದೇ ಆದರೆ ಇನ್ನೂ ಬೇಗ ಗೊತ್ತಾಗುತ್ತದೆ. ‘ಸರ್, ಅಂಶಗಳನ್ನೆಲ್ಲ ಬರೆದು ತಂದಿದ್ದೇನೆ, ಪತ್ರ ನಿಮ್ಮ ಮಾತಿನಲ್ಲೇ ಇರಲಿ’ ಎಂದು ಆ ಟಿಪ್ಪಣಿಯನ್ನೇ ಮುಂದಿಡಿ. ಅರ್ಧ ಕೆಲಸ ಆಗಿರುವುದರಿಂದ ಸಾಮಾನ್ಯವಾಗಿ ಒಪ್ಪುತ್ತಾರೆ.

ಅಮೆರಿಕದ ಅರ್ಜಿಗಳಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ: ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ? ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಗೆ ಸಂಬಂಧಿಸಿದ ಅಲ್ಲಿನ 1974ರ ಫೆರ್ಪಾ ಕಾಯ್ದೆಯಿಂದ ಬಂದದ್ದು ಇದು. ಬಿಟ್ಟುಕೊಡುವುದೇ ವಾಸಿ. ವಿದ್ಯಾರ್ಥಿ ನೋಡದ ಪತ್ರವನ್ನು ಸಮಿತಿ ಹೆಚ್ಚು ನಂಬುತ್ತದೆ.

ನೆನಪಿಸುವುದು

ಎರಡು ವಾರ ಇದೆ ಅನ್ನುವಾಗ ಒಮ್ಮೆ, ನಾಲ್ಕು ದಿನ ಇದೆ ಅನ್ನುವಾಗ ಇನ್ನೊಮ್ಮೆ ನೆನಪಿಸಿದರೆ ಸಾಕು. ಲಿಂಕ್ ಸ್ಪ್ಯಾಮ್‌ಗೆ ಹೋಗಿರಬಹುದು, ನೋಡಲು ಹೇಳಿ.

ಪತ್ರ ತಲುಪಿದ ದಿನವೇ ಎರಡು ಸಾಲು ಧನ್ಯವಾದ ಬರೆಯಿರಿ. ಫಲಿತಾಂಶ ಬಂದಾಗ, ಸೀಟು ಸಿಗದಿದ್ದರೂ ತಿಳಿಸಿ. ಪತ್ರ ಕಳಿಸಿದ ಮೇಲೆ ನಾವೂ ಕಾಯುತ್ತಿರುತ್ತೇವೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವುದಾದರೆ, ಈ ನಡುವೆ ಹೊಸದಾಗಿ ಏನು ಮಾಡಿದಿರಿ ಎಂದು ಬರೆದು ಕಳಿಸಿ. ಹಳೆಯ ಪತ್ರಕ್ಕೆ ಹೊಸ ಪ್ಯಾರಾ ಸೇರಿಸಿ ಕೊಡುತ್ತೇವೆ.