ಮಳೆಗಾಲದಲ್ಲಿ ಸಿಕ್ಕಿಕೊಳ್ಳುತ್ತಿದ್ದ ಎಣಿಕೆ ಹಲಗೆಯ ಗೂಟಗಳು: ನನ್ನ ಅನುಭವ

ಹತ್ತು ಕುಳಿಗಳಲ್ಲಿ ಗೂಟ ಸಿಕ್ಕಿಸುತ್ತ ಎಣಿಕೆ ಕಲಿಯುವ ಬೇವಿನ ಹಲಗೆಯೊಂದನ್ನು ಚಿತ್ರದುರ್ಗದ ಬಿರುಬೇಸಿಗೆಯಲ್ಲಿ ಮಾಡಿದ್ದೆ. ಆಗ ಸಲೀಸಾಗಿ ಇಳಿಯುತ್ತಿದ್ದ 12 ಮಿ.ಮೀ. ಗೂಟಗಳು ಮಳೆ ಹಿಡಿದೊಡನೆ ಅರ್ಧಕ್ಕೇ ನಿಲ್ಲುತ್ತಿದ್ದವು. ಒತ್ತಿ ಇಳಿಸಿದರೆ ಮಕ್ಕಳ ಕೈಗೆ ಹೊರಬರುತ್ತಿರಲಿಲ್ಲ.

ಗೂಟಗಳನ್ನು ಮರಳುಕಾಗದದಿಂದ ಉಜ್ಜಿದಾಗ ಒಂದೊಂದು ಒಂದೊಂದು ದಪ್ಪವಾಯಿತು. ಮೇಣ ಸವರಿದರೆ ಅದಕ್ಕೆ ಧೂಳು ಅಂಟಿತು. ಬಿಸಿಲಿಗೆ ಇಟ್ಟದ್ದರ ಫಲ ಮುಂದಿನ ಮಳೆಯವರೆಗೆ ಮಾತ್ರ.

ಮರವು ತೇವ ಹೀರಿದಾಗ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ. ಆದ್ದರಿಂದ ದುಂಡಗಿನ ಕುಳಿ ಸ್ವಲ್ಪ ಅಂಡಾಕಾರಕ್ಕೆ ತಿರುಗುತ್ತದೆ; ಗೂಟವೋ ಸುತ್ತಲೂ ಉಬ್ಬಿ, ಕುಳಿ ಹಿಗ್ಗದ ಕಡೆ ಕಚ್ಚಿಕೊಳ್ಳುತ್ತದೆ. ಹೊಸದಾಗಿ 30 ಮಿ.ಮೀ. ದಪ್ಪದ ಒಣ ಹಲಗೆ ತೆಗೆದುಕೊಂಡು, ಮೊದಲು ಕೊರೆಯುವ ಯಂತ್ರದ 13 ಮಿ.ಮೀ. ಬಿಟ್‌ನಿಂದ 20 ಮಿ.ಮೀ. ಆಳ ಕೊರೆದೆ. ಬಿಟ್‌ನ ಮೊನೆ ಕುಳಿಯ ತಳದಲ್ಲಿ ಉಳಿಸಿದ ಗುರುತಿನಲ್ಲೇ 4 ಮಿ.ಮೀ. ರಂಧ್ರವನ್ನು ಆರಪಾರ ಹಾಕಿದೆ; ಒಳಗಿನ ಗಾಳಿಯೂ ಹುಡಿಯೂ ಅದರಿಂದ ಹೊರಹೋಗುತ್ತವೆ. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ದೊಡ್ಡ ಬಿಟ್ಟಿಗೆ ನಡುಗುರುತು ಸಿಗದೆ ಕುಳಿ ಸರಿಯುತ್ತದೆ.

ಅನಂತರ ಪೆನ್ಸಿಲಿಗೆ ಸುತ್ತಿದ 180ನೇ ನಂಬರಿನ, ಬಳಿಕ ಇನ್ನೂ ನುಣುಪಾದ 220ನೇ ನಂಬರಿನ ಮರಳುಕಾಗದದಿಂದ ಕುಳಿಯ ಒಳಮೈ ಉಜ್ಜಿ, ಹಲಗೆಯ ಆರೂ ಮುಖಗಳಿಗೆ, ಕುಳಿಗಳ ಒಳಗೆ ಮತ್ತು ಗೂಟಗಳಿಗೆ ತೆಳುವಾದ ಅರಗಿನ ಪಾಲಿಶನ್ನು ಎರಡು ಸಲ ಬಳಿದೆ. ತೇವ ಬೇಗ ಒಳಹೋಗುವುದು ಎಳೆ ಕತ್ತರಿಸಿದ ತುದಿಗಳಿಂದಲೇ ಆದ್ದರಿಂದ ಅಲ್ಲಿಗೆ ಮೂರನೆಯ ಸಲವೂ ಬಳಿಯಬೇಕು. ಹಲಗೆಯ ಅಡಿಭಾಗವನ್ನು ಬಿಟ್ಟರೆ ಅದು ಬಾಗುತ್ತದೆ.

ಗೂಟದ ಉದ್ದ 60 ಮಿ.ಮೀ.ಗಿಂತ ಕಡಿಮೆ ಬೇಡ: ಮೂರು ವರ್ಷದೊಳಗಿನವರ ಆಟಿಕೆಯ ಭಾಗ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವನ್ನು ಪರೀಕ್ಷಿಸುವ 31.7 ಮಿ.ಮೀ. ವ್ಯಾಸದ ಕೊಳವೆಯೊಳಗೆ ಪೂರ್ತಿ ಇಳಿಯಬಾರದು.