ಚೀಟಿ ಬಿಟ್ಟು ಒಲೆ ಎಣಿಸಿದ ಮೇಲೆ ಲೆಕ್ಕ ಕೂಡಿತು

ಕುಟುಂಬದ ಸ್ವರೂಪಕ್ಕೂ 15ರಿಂದ 24ರ ಮಕ್ಕಳ ನೆಮ್ಮದಿಗೂ ಇರುವ ನಂಟು ಮನೆ ಸಮೀಕ್ಷೆಗೆ ಸಿಗುವುದಿಲ್ಲ, ಕೂಡು ಕುಟುಂಬ–ಬಿಡಿ ಕುಟುಂಬ ಅಂತ ಒಂದು ಕಾಲಂ ಹಾಕಿ ಮುಗಿಸಿ ಎಂದವರೇ ಹೆಚ್ಚು. ಮದ್ದೂರು, ಮಳವಳ್ಳಿ ಕಡೆ ಮೂರು ಸುತ್ತು ಮುಗಿಸಿ ಹೇಳುತ್ತಿದ್ದೇನೆ, ಸಿಗುತ್ತದೆ. ಮನೆಯನ್ನು ಯಜಮಾನನ ಕಡೆಯಿಂದಲ್ಲ, ಆ ಹುಡುಗ ಅಥವಾ ಹುಡುಗಿಯ ಕಡೆಯಿಂದ ಎಣಿಸಬೇಕು.

ಶುರು ಮಾಡಿದ್ದು ಎನ್‌ಎಫ್‌ಎಚ್‌ಎಸ್-5, ಅಂದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಸದಸ್ಯರ ಕಡತದಿಂದ. ಅಮ್ಮ, ಅಪ್ಪ ಮನೆಯ ಪಟ್ಟಿಯಲ್ಲಿ ಎಷ್ಟನೇ ಸಾಲಿನಲ್ಲಿದ್ದಾರೆ ಎಂಬ ಸಾಲು ಸಂಖ್ಯೆ, ಅಂದರೆ ಎಚ್‌ವಿ112 ಮತ್ತು ಎಚ್‌ವಿ114 ಎಂಬ ಕಾಲಂ, ಅಲ್ಲಿರುವುದು 17 ವರ್ಷದವರೆಗೆ ಮಾತ್ರ. 18 ದಾಟಿದವರಿಗೆ ಉಳಿಯುವುದು ಯಜಮಾನನಿಗೆ ಏನಾಗಬೇಕು ಎಂದು ಹೇಳುವ ಎಚ್‌ವಿ101 ಒಂದೇ. ಯಜಮಾನನ ಮಗ ಎಂದಿದ್ದರೆ ಸಲೀಸು. ಮೊಮ್ಮಗ ಎಂದಿದ್ದು, ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರಿದ್ದರೆ ಇವನು ಯಾರ ಮಗ? ವಯಸ್ಸಿನ ಅಂತರ, ಪಟ್ಟಿಯ ಅನುಕ್ರಮ ನೋಡಿ ಹೊಂದಿಸುವ ನಿಯಮ ಬರೆದೆ. ಅದನ್ನು ಮೊದಲು 15–17ರವರ ಮೇಲೆ ಓಡಿಸಿ. ಅವರಿಗೆ ನಿಜವಾದ ಸಾಲು ಸಂಖ್ಯೆ ಇದೆಯಲ್ಲ, ನಿಯಮ ಎಲ್ಲಿ ಎಡವುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ನನ್ನದು ಎಡವಿದ್ದು ವಾರಗಿತ್ತಿಯರ ವಯಸ್ಸು ಹತ್ತಿರವಿದ್ದ ಕಡೆ. ಅನುಕ್ರಮಕ್ಕೆ ಹೆಚ್ಚು ತೂಕ ಕೊಟ್ಟ ಮೇಲೆ ಬಹುಪಾಲು ಸರಿಹೋಯಿತು. ಎಷ್ಟು ತೂಕ ಎಂಬುದು ನನ್ನ ಹತ್ತಿರವೇ ಇರಲಿ.

ಎಚ್‌ವಿ112ರಲ್ಲಿ ಸೊನ್ನೆ ಕಂಡ ಕೂಡಲೇ ತಾಯಿಯಿಲ್ಲದ ಮಗು ಎಂದು ಬರೆಯಬೇಡಿ. ತಾಯಿ ಬದುಕಿದ್ದಾಳೆಯೇ ಎಂಬುದು ಎಚ್‌ವಿ111ರಲ್ಲಿದೆ. ಬೆಂಗಳೂರಿಗೆ ದುಡಿಯಲು ಹೋದ ತಾಯಿಯನ್ನೂ ತೀರಿಕೊಂಡ ತಾಯಿಯನ್ನೂ ಒಂದೇ ಗುಂಪಿಗೆ ಹಾಕಿದರೆ ಆ ಮಕ್ಕಳಿಗೆ ಅನ್ಯಾಯ. ಜಿಲ್ಲಾ ಮಟ್ಟದ ಕೋಷ್ಟಕದ ಆಸೆಯನ್ನೂ ಬಿಡಿ. ಆ ಸಮೀಕ್ಷೆಯಲ್ಲಿ ಒಂದು ಕ್ಲಸ್ಟರ್‌ಗೆ, ಅಂದರೆ ಆಯ್ದ ಒಂದು ಊರು ಅಥವಾ ಬಡಾವಣೆಗೆ, 22 ಮನೆ, ಜಿಲ್ಲೆಗೆ ಸರಾಸರಿ 900 ಚಿಲ್ಲರೆ. ಅದರಲ್ಲಿ ಮೂರು ತಲೆಮಾರಿನ ಮನೆಯ 18–24ರ ಹುಡುಗಿಯರನ್ನು ಹುಡುಕಿದರೆ ಕೋಷ್ಟಕಕ್ಕೆ ಸಾಲದಷ್ಟು ಕಡಿಮೆ.

ನೆಮ್ಮದಿಯ ಅಳತೆ ಆ ಕಡತದಲ್ಲಿಲ್ಲ, ಹಾಗಾಗಿ ಸ್ವಂತ ಸಮೀಕ್ಷೆ ಬೇಕಾಯಿತು. ಮೊದಲ ಸುತ್ತು ಪೂರ್ತಿ ದಂಡ: ಸುಮಾರು 140 ಮನೆ, 55 ಸಾವಿರ ರೂಪಾಯಿಯ ಆಸುಪಾಸು. ‘ಈ ಮನೆಯಲ್ಲಿ ಎಷ್ಟು ಕುಟುಂಬ?’ ಎಂದು ಕೇಳಿದ್ದೇ ತಪ್ಪು. ಬಂದ ಉತ್ತರ ಪಡಿತರ ಚೀಟಿಯದ್ದು. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲೇ ಚಾಲನೆ ಪಡೆದ ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಚೀಟಿಯಲ್ಲಿರುವ ಯಜಮಾನಿಗೆ. ಯಜಮಾನ ಯಾರು ಎಂದರೂ ಚೀಟಿಯಲ್ಲಿದ್ದ ಅತ್ತೆಯ ಹೆಸರೇ ಬಂತು, ಸಂಬಂಧದ ಕೋಡ್‌ಗಳೆಲ್ಲ ಮಗುಚಿದವು. ಚೀಟಿ ತಪಾಸಣೆಗೆ ಬಂದಿದ್ದಾರೆಂದು ಹೆದರಿ ಜನರನ್ನು ಬಿಟ್ಟು ಹೇಳಿದ ಮನೆಗಳೂ ಇದ್ದವು.

ಎರಡನೇ ಸುತ್ತಿನಲ್ಲಿ ಚೀಟಿಯ ಸುದ್ದಿಯೇ ಎತ್ತಲಿಲ್ಲ. ಒಲೆ ಎಣಿಸಿದೆವು. ಜನಗಣತಿಯವರೂ ಒಂದು ಕುಟುಂಬವನ್ನು ಗುರುತಿಸುವುದು ಒಂದೇ ಅಡುಗೆಮನೆಯಿಂದಲೇ. ಪಾಲಾಗಿ ಒಂದೇ ಸೂರಿನಡಿ ಎರಡು ಒಲೆ ಹೂಡಿದ ಅಣ್ಣತಮ್ಮಂದಿರು ನಮ್ಮ ಕಡೆ ಬೇಕಾದಷ್ಟು. ಒಲೆ ಎರಡಿದ್ದರೂ ಮಕ್ಕಳು ಎರಡೂ ಕಡೆ ಉಣ್ಣುತ್ತಾರೆ, ಅದಕ್ಕೊಂದು ಬೇರೆ ಕೋಡ್ ಕೊಟ್ಟೆ. ಫಲ ಕೊಟ್ಟದ್ದು ಆ ಕೋಡ್. ಬಿಡಿ ಕುಟುಂಬ ಎಂದು ಬರೆದುಕೊಂಡಿದ್ದ ಹಲವು ಮಕ್ಕಳು ಅಜ್ಜಿಯ ಒಲೆಯ ಹತ್ತಿರವೇ ಬೆಳೆಯುತ್ತಿದ್ದರು, ಅವರನ್ನು ಬೇರ್ಪಡಿಸಿದ ಮೇಲೆ ಗುಂಪುಗಳ ನಡುವಿನ ಅಂತರ ತೆರೆದುಕೊಂಡಿತು.

ನೆಮ್ಮದಿ ಅಳೆದದ್ದು ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5 ಪ್ರಶ್ನಾವಳಿಯಿಂದ: ಐದು ಹೇಳಿಕೆ, ಒಂದೊಂದಕ್ಕೆ 0ರಿಂದ 5, ಮೊತ್ತಕ್ಕೆ ನಾಲ್ಕರ ಗುಣಾಕಾರ. ತಾಯಿ ಬಾಗಿಲಲ್ಲಿ ನಿಂತಿದ್ದರೆ ಐದಕ್ಕೂ ಐದೇ. ಅದಕ್ಕೆ ಪ್ರಶ್ನೆಗಳನ್ನು ಮಂಡ್ಯದ ಮಾತಿನಲ್ಲಿ ರೆಕಾರ್ಡ್ ಮಾಡಿ, ಇಯರ್‌ಫೋನ್ ಕೊಟ್ಟು, ಟ್ಯಾಬ್ ಅವರ ಕೈಗೇ ಬಿಟ್ಟೆವು. ಇಯರ್‌ಫೋನ್ ಒಂದಕ್ಕೆ 90 ರೂಪಾಯಿ, ಅಷ್ಟರಲ್ಲೇ ಎಲ್ಲಕ್ಕೂ ಒಂದೇ ಅಂಕ ಒತ್ತುವವರು ಮೊದಲಿದ್ದವರ ಅರ್ಧಕ್ಕಿಂತ ಕಡಿಮೆಯಾದರು. ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಹತ್ತು ಅವರೆಕಾಳು ಕೊಟ್ಟು, ಕಷ್ಟ ಬಂದರೆ ಯಾರಿಗೆ ಹೇಳುತ್ತೀಯೋ ಅವರ ಪಾಲಿಗೆ ಇಡು ಎಂದೆ. ಸುಮಾರು 60 ಜನರಲ್ಲಿ ಮಾಡಿದ್ದು, ಅಪ್ಪನ ಪಾಲಿಗೆ ಬಿದ್ದ ಕಾಳು ಬಹಳ ಕಡಿಮೆ. ಇದನ್ನು ದೊಡ್ಡದಾಗಿ ಮಾಡುವ ಆಸೆಯಿದೆ.

ಯಾವಾಗ ಹೋಗುತ್ತೀರಿ ಎಂಬುದೂ ಮುಖ್ಯ. ಪಿತೃಪಕ್ಷದಲ್ಲಿ ಹೋದರೆ ಊಟಕ್ಕೆ ಬಂದ ನೆಂಟರೆಲ್ಲ ಪಟ್ಟಿ ಸೇರುತ್ತಾರೆ. ಬಾಣಂತನಕ್ಕೆ ಬಂದ ಮಗಳು ನಿನ್ನೆ ರಾತ್ರಿ ಅಲ್ಲೇ ಮಲಗಿದ್ದಳು ನಿಜ, ಆದರೆ ಅದು ಅವಳ ತವರು. ಕುಟುಂಬದ ಸ್ವರೂಪಕ್ಕೆ ನಿನ್ನೆ ರಾತ್ರಿ ಮಲಗಿದ್ದವರನ್ನು ಹೇಳುವ ಎಚ್‌ವಿ103 ಅಲ್ಲ, ಅಲ್ಲೇ ವಾಸವಿರುವವರನ್ನು ಹೇಳುವ ಎಚ್‌ವಿ102 ಹಿಡಿಯಿರಿ. ಹುಡುಗಿಯರನ್ನು ಮದುವೆಯಾದವರು, ಆಗದವರು ಎಂದು ಬೇರೆ ಮಾಡದೆ ‘ತಂದೆತಾಯಿ ಜೊತೆ ಇರುವವರು’ ಎಂದು ಹೋಲಿಸಿದರೆ ನೀವು ಅಳೆಯುವುದು ಮದುವೆಯನ್ನು.

ನಮ್ಮ ಮಾದರಿ 20 ಊರು, ಊರಿಗೆ 24 ಮಕ್ಕಳು, ಒಟ್ಟು 480. ಒಂದೇ ಊರಿನ ಮಕ್ಕಳ ಉತ್ತರ ಎಷ್ಟು ಹೋಲುತ್ತದೆ ಎಂಬ ಒಳಸಾಮ್ಯ 0.05 ಎಂದರೂ, ಅದರಿಂದ ಮಾದರಿಯ ಬಲ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ವಿನ್ಯಾಸ ಪರಿಣಾಮ 2.15, ಅಂದರೆ ಕೈಯಲ್ಲಿರುವುದು 220 ಚಿಲ್ಲರೆ ಜನರ ಬಲ. ಹಣ ಮತ್ತೆ ಸಿಕ್ಕರೆ ಊರು ಹೆಚ್ಚಿಸುತ್ತೇನೆ, ಊರಿನೊಳಗಿನ ಮನೆಗಳನ್ನಲ್ಲ. ಮನೆಯಲ್ಲಿರುವ ವಸ್ತುಗಳಿಂದ ಸಿರಿತನ ಅಳೆಯುವ ಆಸ್ತಿ ಸೂಚ್ಯಂಕವನ್ನೂ ನಂಬಬೇಡಿ: ದೊಡ್ಡ ಮನೆಯಲ್ಲಿ ಬೈಕು, ಫ್ರಿಜ್ ಸಹಜವಾಗಿ ಜಾಸ್ತಿ, ಕೂಡು ಕುಟುಂಬ ಸುಮ್ಮನೆ ಶ್ರೀಮಂತವಾಗಿ ಕಾಣುತ್ತದೆ. ನಾನು ಹಾಕಿದ್ದು ತಲಾ ವಯಸ್ಕರಿಗೆ ಎಷ್ಟು ಗುಂಟೆ ಎಂಬುದನ್ನು, ನಾಲೆ ನೀರಿನದು ಬೇರೆ, ಖುಷ್ಕಿ ಬೇರೆ.

ಮೈಸೂರಿನ ಹಾಸ್ಟೆಲ್, ಪಿಜಿಗಳಲ್ಲಿರುವ ಮಕ್ಕಳು ಯಾವ ಮನೆಯ ಪಟ್ಟಿಗೂ ಬರುವುದಿಲ್ಲ. ಮೂರನೇ ಸುತ್ತಿನಲ್ಲಿ ಹೆತ್ತವರಿಂದ ಅವರ ನಂಬರ್ ಪಡೆದು, ಒಪ್ಪಿಗೆ ಕೇಳಿ, ಭಾನುವಾರ ಬೆಳಿಗ್ಗೆ 10ರ ಮೇಲೆ ಫೋನ್ ಮಾಡಿದೆವು. ಸಂಜೆ ಮಾಡಿದ ಕರೆಗಳಲ್ಲಿ ಮುಕ್ಕಾಲು ಪಾಲು ಎತ್ತಲೇ ಇಲ್ಲ.